ಮದ್ದಳೆಯ ಬಾರು ಕಟ್ಟಿದ ಗ್ಲೌಸ್

ಇದರಲ್ಲಿ ಎರಡು ರಿವ್ಯೂ ಉಂಟು. ಮೊದಲನೆಯದು ಆನ್‌ಲೈನ್‌ನಲ್ಲಿ ತರಿಸಿದ, ಸಾಫ್ಟ್‌ಬಾಲ್‌ನಲ್ಲಿ ಫಸ್ಟ್ ಬೇಸಿನಲ್ಲಿ ನಿಲ್ಲುವವರು ಹಾಕುವ ಗ್ಲೌಸ್‌ನದ್ದು. 2,400 ರೂಪಾಯಿ ಕೊಟ್ಟಿದ್ದೆ. ಅದಕ್ಕೆ ಒಂದು ಸ್ಟಾರ್ ಕೊಡುವುದಕ್ಕೂ ಮನಸ್ಸಿಲ್ಲ. ಎರಡನೆಯದು ಅದೇ ಗ್ಲೌಸನ್ನು ಸರಿ ಮಾಡಿಕೊಟ್ಟ ಉಡುಪಿಯ ಮದ್ದಳೆ ರಿಪೇರಿಯವರದ್ದು. ಅವರು ತೆಗೆದುಕೊಂಡದ್ದು 350 ರೂಪಾಯಿ. ತಡ ಮಾಡಿದರು, ಆದರೂ ಐದಕ್ಕೆ ಐದು.

ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹದಿನಾಲ್ಕು ವರ್ಷದಿಂದ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದೇನೆ. ಕಬಡ್ಡಿ, ತ್ರೋಬಾಲ್ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಾಫ್ಟ್‌ಬಾಲ್ ಎಂದರೆ "ಅದೆಂತ ಟೀಚರ್, ಅಮೆರಿಕದವರ ಬೇಸ್‌ಬಾಲ್ ಅಲ್ವಾ?" ಎಂದು ಕೇಳುತ್ತಾರೆ. ಹೆಚ್ಚುಕಡಿಮೆ ಹೌದು. ಮೈದಾನ ಚಿಕ್ಕದು, ಚೆಂಡು ದೊಡ್ಡದು, ಪಿಚರ್ ಕೈ ಕೆಳಗಿನಿಂದ ಎಸೆಯುತ್ತಾಳೆ. ಮುಖ್ಯ ವ್ಯತ್ಯಾಸ ಅಷ್ಟೇ.

ಆದರೆ ಗ್ಲೌಸ್ ಕೊಳ್ಳುವಾಗ ಈ ಚೆಂಡಿನ ಅಳತೆಯೇ ಮುಖ್ಯ. ಬೇಸ್‌ಬಾಲ್ ಚೆಂಡಿನ ಸುತ್ತಳತೆ ಸುಮಾರು 9 ಇಂಚು. ನಾವು ಆಡುವ ಸಾಫ್ಟ್‌ಬಾಲ್ 12 ಇಂಚು. ನಾನು ತರಿಸಿದ ಗ್ಲೌಸ್‌ನ ಜಾಹೀರಾತಿನಲ್ಲಿ ಎರಡಕ್ಕೂ ಆಗುತ್ತದೆ ಎಂದಿತ್ತು. ಬಂದ ಮೇಲೆ ನೋಡಿದರೆ ಹೊಂಡ ಸಣ್ಣದು. ಸಾಫ್ಟ್‌ಬಾಲ್ ಪೂರ್ತಿ ಒಳಗೆ ಕೂರುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಬಲೆಗೆ ಒರಗಿ ನಿಲ್ಲುತ್ತದೆ. ಅಂದರೆ ಪ್ರತಿ ಸಲವೂ ಪೂರ್ತಿ ಪೆಟ್ಟು ಬಲೆಯ ದಾರಕ್ಕೆ. ಆವತ್ತೇ ವಾಪಸ್ ಕಳಿಸಬೇಕಿತ್ತು. ಪಂದ್ಯಕ್ಕೆ ಎಂಟೇ ದಿನ ಇತ್ತು, ಶಾಲೆಯಲ್ಲಿ ಬೇರೆ ಫಸ್ಟ್ ಬೇಸ್ ಗ್ಲೌಸ್ ಇರಲಿಲ್ಲ. ಇಟ್ಟುಕೊಂಡೆ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ಪಂದ್ಯ. ಬೆಳಿಗ್ಗೆ ಮಳೆ ಬಂದು ಬಿಟ್ಟಿತ್ತು. ಕೆಂಪು ಮಣ್ಣು ಶೂಗೆ ಮೆತ್ತಿಕೊಳ್ಳುತ್ತಿತ್ತು. ಕೊನೆಯ ಇನ್ನಿಂಗ್ಸ್, ನಾವು ಒಂದು ರನ್ ಮುಂದೆ. ಎರಡು ಔಟ್ ಆಗಿದೆ, ಎರಡನೇ ಮತ್ತು ಮೂರನೇ ಬೇಸಿನಲ್ಲಿ ಎದುರಿನವರಿದ್ದಾರೆ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆ ಚೆಂಡು ಉರುಳಿತು. ನಮ್ಮವಳು ಚೆಂದ ಎತ್ತಿ, ಎದೆ ಎತ್ತರಕ್ಕೆ ನೇರ ಥ್ರೋ ಮಾಡಿದಳು. ಫಸ್ಟ್ ಬೇಸಿನಲ್ಲಿ ಮಲ್ಪೆ ಕಡೆಯ ಹುಡುಗಿ, ಒಂಬತ್ತನೇ ಕ್ಲಾಸು. ಹೊಡೆದವಳು ಅಲ್ಲಿಗೆ ತಲುಪುವ ಮೊದಲು ಇವಳು ಚೆಂಡು ಹಿಡಿದರೆ ಮೂರನೇ ಔಟ್, ಪಂದ್ಯ ನಮ್ಮದು. ಕಾಲು ಚಾಚಿದಳು, ಗ್ಲೌಸ್ ಮುಂದೆ ಹಿಡಿದಳು. ಚೆಂಡು ಗ್ಲೌಸ್ ಒಳಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅರೆಕ್ಷಣದಲ್ಲಿ ಅದು ಹಿಂದಿನಿಂದ ಹೊರಗೆ ಬಂತು. ಬಲೆಯ ದಾರ ತುಂಡಾಗಿ, ಬಲೆ ಬಾಗಿಲಿನ ಹಾಗೆ ತೆರೆದುಕೊಂಡಿತ್ತು. ಎರಡು ರನ್ ಬಂತು. ಸೋತೆವು.

ಸ್ಕೋರ್ ಹಾಳೆಯಲ್ಲಿ "ಇ-3" ಎಂದು ಬರೆದರು. ಇ ಎಂದರೆ ಎರರ್, 3 ಎಂದರೆ ಫಸ್ಟ್ ಬೇಸ್ ಆಟಗಾರ್ತಿ. ಗ್ಲೌಸ್ ಹರಿಯಿತು, ದಾರ ಕಳಪೆ ಎಂದು ಬರೆಯುವುದಕ್ಕೆ ಅಲ್ಲಿ ಜಾಗ ಇಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತವಳು ಮುಲ್ಕಿ ದಾಟುವವರೆಗೂ ಮಾತಾಡಲಿಲ್ಲ. ಪಡುಬಿದ್ರಿ ಹತ್ತಿರ ಬಂದಾಗ, "ಟೀಚರ್, ನಾಳೆಯಿಂದ ನಾನು ಔಟ್‌ಫೀಲ್ಡಿಗೆ ಹೋಗ್ತೇನೆ" ಎಂದಳು. ಆಗ ಅವಳಿಗೆ ಬೋಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಫಸ್ಟ್ ಬೇಸ್ ಆಟಗಾರ ಬಿಲ್ ಬಕ್ನರ್ ಕತೆ ಹೇಳಿದೆ.

1986ರ ಅಕ್ಟೋಬರ್ 25. ಅಮೆರಿಕದ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ, ನ್ಯೂಯಾರ್ಕಿನಲ್ಲಿ. ಬೋಸ್ಟನ್ ರೆಡ್ ಸಾಕ್ಸ್ ಗೆದ್ದರೆ 1918ರ ನಂತರ ಮೊದಲ ಸಲ ಚಾಂಪಿಯನ್. ಹತ್ತನೇ ಇನ್ನಿಂಗ್ಸ್‌ನಲ್ಲಿ 5-3 ಮುಂದಿದ್ದರು, ಎದುರಿನ ಮೆಟ್ಸ್ ತಂಡದ ಇಬ್ಬರು ಔಟ್ ಆಗಿದ್ದರು, ಬೇಸಿನಲ್ಲಿ ಒಬ್ಬರೂ ಇಲ್ಲ. ಅಲ್ಲಿಂದ ಸಾಲಾಗಿ ಮೂರು ಹಿಟ್ ಬಿಟ್ಟುಕೊಟ್ಟರು. ಮತ್ತೆ ಪಿಚರ್ ಎಸೆದ ಒಂದು ಚೆಂಡು ಕ್ಯಾಚರ್‌ಗೆ ಸಿಗದೆ ಹಿಂದೆ ಹೋಗಿ ಸ್ಕೋರ್ ಸಮ ಆಯಿತು. ಆಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ಫಸ್ಟ್ ಬೇಸ್ ಕಡೆ ಮೆಲ್ಲನೆ ಉರುಳಿ ಬಂತು. ಬಕ್ನರ್ ಬಗ್ಗಿದರು. ಚೆಂಡು ಗ್ಲೌಸ್‌ನ ಅಡಿಯಿಂದ, ಎರಡು ಕಾಲುಗಳ ನಡುವೆ ದಾಟಿ ಹೋಯಿತು. ಪಂದ್ಯ ಮುಗಿಯಿತು. ಅದು ಕೂಡ ಇ-3.

"ಅವರಿಂದಲೇ ಸೋತದ್ದಾ ಟೀಚರ್?" ಎಂದು ಕೇಳಿದಳು.

ಅಲ್ಲ. ಬಕ್ನರ್ ಕೈಗೆ ಚೆಂಡು ಬರುವ ಮೊದಲೇ ಸ್ಕೋರ್ 5-5 ಆಗಿತ್ತು. ಅದು ಆರನೇ ಪಂದ್ಯ, ಏಳನೆಯದು ಇನ್ನೂ ಬಾಕಿ ಇತ್ತು. ಅದನ್ನೂ ಬೋಸ್ಟನ್ 8-5ರಲ್ಲಿ ಸೋತಿತು. ಬಕ್ನರ್‌ಗೆ ಆಗ 36 ವರ್ಷ, ಕಾಲಿನ ಗಂಟು ಎಷ್ಟೋ ವರ್ಷದಿಂದ ಹಾಳಾಗಿತ್ತು. ಆ ಸಲದ ಕೊನೆಯ ಘಟ್ಟದ ಪಂದ್ಯಗಳಲ್ಲಿ ಗೆಲ್ಲುವ ಹಂತಕ್ಕೆ ಬಂದಾಗ ಅವರನ್ನು ತೆಗೆದು ಡೇವ್ ಸ್ಟೇಪಲ್ಟನ್ ಎಂಬವರನ್ನು ನಿಲ್ಲಿಸುತ್ತಿದ್ದ ಮ್ಯಾನೇಜರ್, ಆ ರಾತ್ರಿ ಮಾತ್ರ ನಿಲ್ಲಿಸಲಿಲ್ಲ. ಇಷ್ಟೆಲ್ಲ ಇದ್ದರೂ ಜನರಿಗೆ ನೆನಪಿರುವುದು ಕಾಲಿನ ನಡುವೆ ಹೋದ ಚೆಂಡು ಒಂದೇ. 22 ಸೀಸನ್ ಆಡಿ 2,715 ಹಿಟ್ ಹೊಡೆದವರು ಅವರು! ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಅವಳು ಸುಮ್ನೆ ಕೇಳಿಸಿಕೊಂಡಳು. ಕಾಪು ಬಂದಾಗ ಬ್ಯಾಗಿನಿಂದ ಗ್ಲೌಸ್ ತೆಗೆದು ನನ್ನ ಮಡಿಲಲ್ಲಿಟ್ಟಳು.

ರಾತ್ರಿ ಮನೆಯಲ್ಲಿ ಲೈಟಿನ ಕೆಳಗೆ ಹಿಡಿದು ನೋಡಿದೆ. ತುಂಡಾದ ಕಡೆ ದಾರದ ಒಳಗಿನಿಂದ ಬಿಳಿ ನೂಲು ಕಾಣುತ್ತಿತ್ತು. ಅದು ಚರ್ಮವೇ ಅಲ್ಲ! ಬಟ್ಟೆಯ ಮೇಲೆ ಕಂದು ಬಣ್ಣದ ರೆಕ್ಸಿನ್ ಲೇಪಿಸಿ ಸಪೂರಕ್ಕೆ ಕತ್ತರಿಸಿದ್ದು. ಅಂಗೈ ಭಾಗ ಮಾತ್ರ ನಿಜವಾದ ಚರ್ಮ, ಪೆಟ್ಟು ತಿನ್ನುವ ಬಲೆಗೆ ಮೋಸ. ನಮ್ಮ ಮಳೆಗಾಲದ ತೇವಕ್ಕೆ ಎಂಟು ದಿನದಲ್ಲೇ ರೆಕ್ಸಿನ್ ಎದ್ದು ಬಂದಿತ್ತು. ಮಾರಿದವರಿಗೆ ಫೋಟೋ ಸಮೇತ ಬರೆದೆ. ಬಳಸಿದ ಸಾಮಾನು ವಾಪಸ್ ಇಲ್ಲ ಎಂದು ಉತ್ತರ ಬಂತು. ಒಂದು ದಾರದಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಿ, ಹದಿನಾಲ್ಕು ವರ್ಷದ ಹುಡುಗಿಯ ಹೆಸರಿನ ಮುಂದೆ ಎರರ್ ಬರೆಸಿದರು. ಒಂದು ಸ್ಟಾರ್ ಕೂಡ ಯಾಕಿಲ್ಲ ಎಂದರೆ ಇದಕ್ಕೇ.

ಸರಿ ಮಾಡಿಸಲು ಮೂರು ಕಡೆ ಅಲೆದೆ. ಸ್ಪೋರ್ಟ್ಸ್ ಅಂಗಡಿಯಲ್ಲಿ ಬಿಸಾಡಿ ಹೊಸದು ತೆಗೆದುಕೊಳ್ಳಿ ಎಂದರು. ಬ್ಯಾಗ್ ರಿಪೇರಿಯವರು ನೈಲಾನ್ ಹಾಕುತ್ತೇನೆ ಎಂದರು. ನೈಲಾನ್ ಚರ್ಮದ ತೂತನ್ನೇ ಕೊಯ್ದು ಬಿಡುತ್ತದೆ, ಬೇಡ ಎಂದೆ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಕೊಡೆ, ಚಪ್ಪಲಿ ಹೊಲಿಯುವ ಅಣ್ಣ ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಬಾರು ಬೇಕು ಟೀಚರ್. ನನ್ನ ಹತ್ತಿರ ಇಲ್ಲ. ಮದ್ದಳೆ ಕಟ್ಟುವವರಲ್ಲಿ ಕೇಳಿ" ಎಂದರು. ಅವರಿಗೂ ಇಲ್ಲಿ ಒಂದು ಥ್ಯಾಂಕ್ಸ್.

ಮದ್ದಳೆಯವರ ಅಂಗಡಿ ಎಂದರೆ ಮನೆಯ ಜಗಲಿಯೇ. ಗೋಡೆ ಬದಿಗೆ ಚೆಂಡೆಗಳು, ಚರ್ಮದ ಮುಚ್ಚಿಗೆ ಬಿಚ್ಚಿಟ್ಟ ಮದ್ದಳೆಗಳು. ಅರುವತ್ತರ ಮೇಲಿನ ಹಿರಿಯರು. ಇಂಥ ಗ್ಲೌಸನ್ನು ಅವರು ಮುಟ್ಟಿದ್ದು ಅದೇ ಮೊದಲು. "ಇದಕ್ಕೆ ಪೆಟ್ಟು ಬೀಳುವುದು ಎಲ್ಲಿಗೆ?" ಅದೊಂದೇ ಕೇಳಿದ್ದು. ತೋರಿಸಿದೆ. ಗ್ಲೌಸನ್ನು ಎಡಗೈಗೆ ಹಾಕಿಕೊಂಡು ಬಲಗೈ ಮುಷ್ಟಿಯಿಂದ ಒಳಗೆ ನಾಲ್ಕು ಸಲ ಗುದ್ದಿದರು, ಕಿವಿ ಹತ್ತಿರ ತಂದು ಮತ್ತೆ ಗುದ್ದಿದರು. "ಚರ್ಮ ಒಳ್ಳೆದುಂಟು. ಕಟ್ಟಿದ್ದು ಸರಿ ಇಲ್ಲ" ಎಂದರು.

ಕೆಲಸವನ್ನು ಎದುರು ಕೂತು ನೋಡಿದೆ. ಚರ್ಮದ ಬಾರನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿದ್ದರು. ಅದರ ಅಂಚನ್ನು ಕತ್ತಿಯಿಂದ ಹೆರೆದು ಹೆರೆದು ಗ್ಲೌಸ್‌ನ ತೂತಿಗೆ ಸರಿಯಾಗುವಷ್ಟು ಸಪೂರ ಮಾಡಿದರು. ಒಂದೊಂದು ತೂತಿನಲ್ಲೂ ಮೊದಲು ದಬ್ಬಣ ಹಾಕಿ ಅಗಲಿಸಿ, ಆಮೇಲೆ ಬಾರು ಎಳೆದರು. ಬಲೆಯ ಗಂಟನ್ನು ಮಾತ್ರ ಬಿಗಿಯಲಿಲ್ಲ. "ಒಣಗುವಾಗ ಬಾರು ತಾನೇ ಬಿಗಿಯುತ್ತದೆ. ಈಗಲೇ ಬಿಗಿದರೆ ನಾಳೆ ಅದೇ ಹರಿಯುವುದು." ನೆರಳಿನಲ್ಲಿ ಒಣಗಿಸಿದ ಮೇಲೆ ಗಂಟು ಹಾಕುತ್ತೇನೆ ಎಂದರು. ಹೊಂಡವನ್ನೂ ಸ್ವಲ್ಪ ದೊಡ್ಡದು ಮಾಡಿಕೊಟ್ಟರು, ನಮ್ಮ ಸಾಫ್ಟ್‌ಬಾಲನ್ನೇ ಒಳಗಿಟ್ಟು ಕಟ್ಟಿ.

ಕೊರತೆಯನ್ನೂ ಹೇಳಬೇಕು. ನಾಲ್ಕು ದಿನ ಎಂದವರು ಹನ್ನೆರಡು ದಿನ ಮಾಡಿದರು. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವಲ್ಲ, ಅಕ್ಟೋಬರ್‌ನಲ್ಲಿ ಅವರ ಜಗಲಿ ತುಂಬ ಮದ್ದಳೆಗಳೇ. ಫೋನ್ ಮಾಡಿದರೆ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ನಗದು ಮಾತ್ರ. ಬಾರು ಮೊದಲ ಒಂದು ವಾರ ತುಂಬ ಗಡುಸು, ಗ್ಲೌಸ್ ಮಡಚುವುದೇ ಕಷ್ಟ. ದಿನಾ ಕಾಲು ಗಂಟೆ ಚೆಂಡು ಹಾಕಿ ಗುದ್ದಿ ಗುದ್ದಿ ಮೆದು ಮಾಡಿದೆವು.

ಈ ನಡುವೆ ಹುಡುಗಿಗೆ ಬೇರೆ ತೊಂದರೆ ಶುರುವಾಯಿತು. ಬೇರೆ ಗ್ಲೌಸ್ ಕೊಟ್ಟರೂ ಹಿಡಿಯುತ್ತಿದ್ದಳು, ಆದರೆ ಎಸೆಯುವಾಗ ಕೈ ನಿಲ್ಲುತ್ತಿತ್ತು. ಹತ್ತು ಹೆಜ್ಜೆ ದೂರದ ಪಿಚರ್‌ಗೆ ಕೊಡುವ ಚೆಂಡು ತಲೆ ಮೇಲೆ ಹೋಗುತ್ತಿತ್ತು. ಬೇಸ್‌ಬಾಲ್‌ನಲ್ಲಿ ಇದಕ್ಕೆ ಒಬ್ಬರ ಹೆಸರೇ ಉಂಟು, ಸ್ಟೀವ್ ಬ್ಲಾಸ್. ಪಿಟ್ಸ್‌ಬರ್ಗ್ ಪೈರೇಟ್ಸ್ ಪಿಚರ್, 1971ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಗೆಲ್ಲಿಸಿದವರು. 1972ರಲ್ಲಿ 19 ಗೆಲುವು. 1973ರಲ್ಲಿ ಇದ್ದಕ್ಕಿದ್ದಂತೆ ಚೆಂಡು ನೇರ ಹೋಗುವುದೇ ನಿಂತಿತು. ಆ ವರ್ಷ 3 ಗೆಲುವು, 9 ಸೋಲು. 89 ಇನ್ನಿಂಗ್ಸ್ ಕೂಡ ತುಂಬುವ ಮೊದಲು ನೇರ ಎಸೆಯಲಾಗದೆ 84 ಸಲ ಎದುರಿನವರನ್ನು ಸುಮ್ನೆ ಫಸ್ಟ್ ಬೇಸಿಗೆ ನಡೆಯಲು ಬಿಟ್ಟರು. ಕೈಯಲ್ಲಿ ಏನೂ ಗಾಯ ಇರಲಿಲ್ಲ. ಹೆಚ್ಚು ಸಮಯ ಆಗದೆ ಆಟವನ್ನೇ ಬಿಡಬೇಕಾಯಿತು. ಈ ಕತೆಯನ್ನು ಹುಡುಗಿಗೆ ಹೇಳಲಿಲ್ಲ, ಹೆದರುತ್ತಾಳೆ ಎಂದು. ನಾನು ಮಾತ್ರ ನೆನಪಿಟ್ಟುಕೊಂಡೆ. ಬೈಯುವುದರಿಂದ ಇದು ಹೋಗುವಂಥದ್ದಲ್ಲ. "ಕೈ ನೋಡು, ಭುಜ ನೋಡು" ಎಂದು ತಿದ್ದಿದರೆ ಜಾಸ್ತಿಯಾಗುತ್ತದೆ. ಎರಡು ವಾರ ಅವಳಿಗೆ ಥ್ರೋ ಕೊಡಲೇ ಇಲ್ಲ. ತಂಗಿಯ ಜೊತೆ ಮನೆ ಅಂಗಳದಲ್ಲಿ ಟೆನ್ನಿಸ್ ಚೆಂಡು ಹಿಡಿದು ಆಡು ಎಂದೆ, ಅಷ್ಟೇ.

ಗ್ಲೌಸ್ ತರಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋದೆ. ಹಿರಿಯರು ಗ್ಲೌಸನ್ನು ಅವಳ ಕೈಗೇ ಕೊಟ್ಟರು. "ಮಗಾ, ಹರಿದದ್ದು ನಿನ್ನಿಂದ ಅಲ್ಲ. ಇಲ್ಲಿ ನೋಡು" ಎಂದು ಹಳೆಯ ರೆಕ್ಸಿನ್ ದಾರದ ತುಂಡು ತೋರಿಸಿದರು. ಬಿಸಾಡದೆ ಎತ್ತಿಟ್ಟಿದ್ದರು. ಎರಡು ಬೆರಳಲ್ಲಿ ಹಿಡಿದು ಎಳೆದರು, ಪಟ್ಟನೆ ತುಂಡಾಯಿತು. ಬಾರಿನ ತುಂಡು ಕೊಟ್ಟು "ಇದನ್ನು ಎಳೆ" ಎಂದರು. ಅವಳು ಎರಡೂ ಕೈಯಲ್ಲಿ ಎಳೆದಳು, ಹಲ್ಲು ಕಚ್ಚಿ ಎಳೆದಳು. ಆಗಲಿಲ್ಲ. ಬಸ್ಸಿನಲ್ಲಿ ನಾನು ಅಷ್ಟು ಹೊತ್ತು ಹೇಳಿದ್ದಕ್ಕಿಂತ ಅದು ಅವಳಿಗೆ ಚೆನ್ನಾಗಿ ತಾಗಿತು. ಬಾರಿನ ಆ ತುಂಡನ್ನು ಜಡೆಯ ರಬ್ಬರ್ ಬ್ಯಾಂಡಿಗೆ ಸುತ್ತಿಕೊಂಡು ಬಂದಳು.

ನನಗೆ ಆಗ ನೆನಪಾದದ್ದು ಫ್ರೆಡ್ ಸ್ನಾಡ್‌ಗ್ರಾಸ್. 1912ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ, ಹತ್ತನೇ ಇನ್ನಿಂಗ್ಸ್. ನ್ಯೂಯಾರ್ಕ್ ಜೈಂಟ್ಸ್ ಪರ ಔಟ್‌ಫೀಲ್ಡ್‌ನಲ್ಲಿ ನಿಂತು ಸುಲಭದ ಕ್ಯಾಚ್ ಬಿಟ್ಟರು. ಮರು ಹೊಡೆತಕ್ಕೇ ಓಡಿ ಹೋಗಿ ಬಹಳ ಕಷ್ಟದ ಕ್ಯಾಚ್ ಹಿಡಿದರು. ಜೈಂಟ್ಸ್ ಸೋತಾಗ ಅದು ಯಾರಿಗೂ ಬೇಡ. ಬಿಟ್ಟ ಕ್ಯಾಚಿಗೆ 30 ಸಾವಿರ ಡಾಲರ್ ಎಂದು ಬೆಲೆ ಕಟ್ಟಿ ಕರೆದರು. 1974ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಯ ತಲೆಬರಹದಲ್ಲೂ ಅದೇ ಕ್ಯಾಚ್. 62 ವರ್ಷ! ಅಂದಿನ ಗ್ಲೌಸ್‌ಗಳಿಗೆ ಇಂದಿನ ಹಾಗೆ ಆಳವಾದ ಹೊಂಡ ಕೂಡ ಇರಲಿಲ್ಲ.

ಗ್ಲೌಸ್ ಬಂದು ಈಗ ಒಂದು ವರ್ಷ. ಒಂದು ಇಡೀ ಮಳೆಗಾಲ ದಾಟಿತು. ಜುಲೈಯಲ್ಲಿ ಬೂಷ್ಟು ಹಿಡಿಯಿತು, ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಪೇಪರ್ ತುಂಬಿಸಿ ಗಾಳಿಗೆ ಇಟ್ಟೆ. ತೆಂಗಿನೆಣ್ಣೆ ಮಾತ್ರ ಸುರಿಯಬೇಡಿ, ಚರ್ಮ ಭಾರವಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬಲೆ ಒಂದು ಕೂದಲಿನಷ್ಟೂ ಸಡಿಲ ಆಗಿಲ್ಲ. ಚೆಂಡು ಬಿದ್ದರೆ ಮೈದಾನದ ಆ ಬದಿಗೂ ಕೇಳುವ ಹಾಗೆ ಶಬ್ದ ಬರುತ್ತದೆ.

ಹುಡುಗಿ ಈಗ ಹತ್ತನೇ ಕ್ಲಾಸು. ಫಸ್ಟ್ ಬೇಸಿನಲ್ಲೇ ಇದ್ದಾಳೆ. ಈ ಸೆಪ್ಟೆಂಬರ್‌ನಲ್ಲಿ ಒಂದು ಚೆಂಡು ಬಿಟ್ಟಳು, ಅದು ಅವಳದ್ದೇ ತಪ್ಪು, ಕಣ್ಣು ತೆಗೆದಳು. ಮುಂದಿನ ಚೆಂಡಿಗೆ ಕಾಲು ಚಾಚಿ ತಯಾರಾಗಿ ನಿಂತಿದ್ದಳು.

ಮೊನ್ನೆ ನಮ್ಮ ಕ್ಯಾಚರ್ ಗ್ಲೌಸನ್ನೂ ಮದ್ದಳೆಯ ಹಿರಿಯರಲ್ಲಿ ಕೊಟ್ಟು ಬಂದೆ. "ಆ ಅಮೆರಿಕದವರು, ಕಾಲಿನ ನಡುವೆ ಚೆಂಡು ಹೋದವರು, ಆಮೇಲೆ ಆಡಿದರಾ?" ಎಂದು ಕೇಳಿದರು. ಹುಡುಗಿ ಹೇಳಿರಬೇಕು. ಆಡಿದರು, 1990ರಲ್ಲಿ ಪುನಃ ಬೋಸ್ಟನ್‌ಗೇ ಬಂದರು, ಕೊನೆಯ ಹೋಮ್ ರನ್ ಬೋಸ್ಟನ್ ಮೈದಾನದಲ್ಲೇ ಹೊಡೆದರು, ಅದೂ ಚೆಂಡು ಬೇಲಿ ದಾಟದೆ ನಾಲ್ಕೂ ಬೇಸ್ ಓಡಿ, ಎಂದೆ. "ಆ ಕಾಲಿನಲ್ಲಿ ಓಡಿದರಾ?" ಎಂದು ದಬ್ಬಣ ಕೆಳಗಿಟ್ಟರು. ಕ್ಯಾಚರ್ ಗ್ಲೌಸ್ ಮೇಳ ಹೊರಡುವ ಮೊದಲು ಸಿಗುತ್ತದಂತೆ.