ಕೊಂಡ ಕೊಂಡಿ, ಬಂದ ಕೊಂಡಿ: ಗೂಗಲ್ ಸರ್ಚ್ ಕನ್ಸೋಲ್ ಬಳಸಿದ ಅನುಭವ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ನಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದವು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದೆ, ಇದಕ್ಕೆ ಮೇಣವನ್ನೋ ವನಸ್ಪತಿಯನ್ನೋ ಬೆರೆಸಿದ್ದೀರಾ ಎಂದು ಕೇಳುತ್ತಾರೆ. ತಿಪಟೂರಿನ ಬಳಿ ಮರದ ಗಾಣ ನಡೆಸುವ ನಮ್ಮ ಮನೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಶುದ್ಧ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಲೇಬೇಕು, ಚಳಿಯಲ್ಲಿಯೂ ನೀರಿನಂತೆ ಹರಿಯುವ ಎಣ್ಣೆಯನ್ನೇ ಅನುಮಾನದಿಂದ ನೋಡಬೇಕು ಎಂದು ಎಷ್ಟೋ ಸಲ ಫೋನಿನಲ್ಲಿ ವಿವರಿಸಿದ್ದೇವೆ. ಆದರೆ ಇದೇ ಉತ್ತರವನ್ನು ನಮ್ಮ ಜಾಲತಾಣದ ಬ್ಲಾಗಿನಲ್ಲಿ ಬರೆದಿಟ್ಟರೆ ಅದು ಅಂಗಡಿಗೆ ಗಿರಾಕಿಗಳನ್ನೂ ಬೇರೆ ತಾಣಗಳಿಂದ ಕೊಂಡಿಗಳನ್ನೂ (ಲಿಂಕುಗಳನ್ನೂ) ತರುತ್ತದೆ ಎಂಬುದು ನಮಗೆ ಬಹಳ ತಡವಾಗಿ ಹೊಳೆಯಿತು. ಅದನ್ನು ತೋರಿಸಿಕೊಟ್ಟಿದ್ದು ಗೂಗಲ್ ಸರ್ಚ್ ಕನ್ಸೋಲ್, ಅಂದರೆ ನಮ್ಮ ತಾಣ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಎಂದು ತಿಳಿಸುವ ಉಚಿತ ಸಾಧನ. ಸಣ್ಣ ವ್ಯಾಪಾರದವರು ಅದನ್ನು ಹೇಗೆ ಬಳಸಬಹುದು, ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಎರಡು ವರ್ಷಕ್ಕೂ ಮೀರಿದ ಬಳಕೆಯ ನಂತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಈ ಸಾಧನದ ಮಹತ್ವ ನಮಗೆ ತಿಳಿದದ್ದು ಹೇಗೆಂಬುದನ್ನು ಹೇಳಬೇಕು. ಜಾಲತಾಣ ತೆರೆದ ಹೊಸತರಲ್ಲಿ ನಾವು ಒಂದು ಸಂಸ್ಥೆಗೆ ತಿಂಗಳಿಗೆ 15,000 ರೂಪಾಯಿ ಕೊಟ್ಟು ಎಸ್‌ಇಒ, ಅಂದರೆ ಹುಡುಕಾಟದಲ್ಲಿ ತಾಣವನ್ನು ಮೇಲಕ್ಕೆ ತರುವ ಕೆಲಸ ವಹಿಸಿದ್ದೆವು. ತಿಂಗಳಿಗೆ ನಾಲ್ಕು ಬ್ಲಾಗ್ ಬರಹ ಮತ್ತು 30 ಕೊಂಡಿಗಳು ಎಂಬುದು ಒಪ್ಪಂದ. ಪ್ರತಿ ತಿಂಗಳ ಕೊನೆಗೆ ಚೆಂದದ ಒಂದು ವರದಿ ಬರುತ್ತಿತ್ತು, ಅದರಲ್ಲಿ ‘ಡೊಮೇನ್ ಅಥಾರಿಟಿ’ ಎಂಬ ಅಂಕಿ ಮೇಲೇರುವುದನ್ನು ಹಸಿರು ಬಾಣದ ಗುರುತಿನಿಂದ ತೋರಿಸುತ್ತಿದ್ದರು. ಆ ಅಂಕಿ ಮಾಜ್ ಎಂಬ ಖಾಸಗಿ ಕಂಪನಿ ತನ್ನದೇ ಲೆಕ್ಕದಿಂದ ತಾಣದ ಬಲ ನೂರಕ್ಕೆ ಇಷ್ಟು ಎಂದು ಕೊಡುವ ಅಂದಾಜು, ಗೂಗಲ್ ತನ್ನ ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂಬ ಸಂಗತಿ ಆಗ ನಮಗೆ ತಿಳಿದಿರಲಿಲ್ಲ. ಹದಿನಾಲ್ಕು ತಿಂಗಳು ಕಳೆದರೂ ಜಾಲತಾಣದ ಮೂಲಕ ಬಂದ ಆರ್ಡರುಗಳು ಎಣಿಸುವಷ್ಟೇ ಇದ್ದುದರಿಂದ, ನನ್ನ ತಂಗಿಯ ಮಗನನ್ನು ಕೂರಿಸಿಕೊಂಡು ಸರ್ಚ್ ಕನ್ಸೋಲ್ ತೆರೆದು ನೋಡಿದೆವು.

ಅಂದು ಮೊದಲು ನೋಡಿದ್ದು ‘ಲಿಂಕ್ಸ್’ ಎಂಬ ವಿಭಾಗವನ್ನು. ಯಾವ ಯಾವ ತಾಣಗಳು ನಮ್ಮತ್ತ ಕೊಂಡಿ ಕೊಟ್ಟಿವೆ, ನಮ್ಮ ಯಾವ ಪುಟಕ್ಕೆ ಹೆಚ್ಚು ಕೊಂಡಿಗಳಿವೆ, ಯಾವ ಪದಗಳ ಮೇಲೆ ಆ ಕೊಂಡಿಗಳನ್ನು ಕಟ್ಟಲಾಗಿದೆ ಎಂಬ ಮೂರು ಪಟ್ಟಿಗಳು ಅಲ್ಲಿವೆ. ಮೂರನೆಯ ಪಟ್ಟಿಯನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ‘ಬೆಸ್ಟ್ ಕೋಲ್ಡ್ ಪ್ರೆಸ್ಡ್ ಆಯಿಲ್ ಬೆಂಗಳೂರು’ ಎಂಬ ಒಂದೇ ಪದಗುಚ್ಛ, ಒಂದಕ್ಷರವೂ ಬದಲಾಗದೆ, ಪಟ್ಟಿಯ ತುದಿಯಲ್ಲಿ ಕೂತಿತ್ತು. ಕೊಂಡಿ ಕೊಟ್ಟ ತಾಣಗಳೋ, ಒಂದು ಆನ್‌ಲೈನ್ ಜೂಜಿನದು, ಇನ್ನೊಂದು ವೈಯಕ್ತಿಕ ಸಾಲದ್ದು, ಮತ್ತೊಂದರಲ್ಲಿ ಕಾರಿನ ಟೈರು, ಕೂದಲ ಕಸಿ ಮತ್ತು ನಮ್ಮ ಎಣ್ಣೆ ಒಂದೇ ಪುಟದಲ್ಲಿದ್ದವು. ಅಡುಗೆ ಮಾಡುವವರಾಗಲಿ ತೆಂಗು ಬೆಳೆಯುವವರಾಗಲಿ ಆ ತಾಣಗಳಿಗೆ ಕಾಲಿಡುವ ಸಂಭವವೇ ಇರಲಿಲ್ಲ. ‘ಪೇಜಸ್’ ವಿಭಾಗದಲ್ಲಿ ಇನ್ನೊಂದು ಸತ್ಯ ಕಾದಿತ್ತು: ಆ ಸಂಸ್ಥೆ ಬರೆದುಕೊಟ್ಟ ‘ಕೊಬ್ಬರಿ ಎಣ್ಣೆಯ ಹತ್ತು ಪ್ರಯೋಜನಗಳು’ ಮಾದರಿಯ ಬರಹಗಳಲ್ಲಿ ಬಹುಪಾಲನ್ನು ಗೂಗಲ್ ಓದಿ ನೋಡಿ, ತನ್ನ ಸೂಚಿಗೆ (ಹುಡುಕಾಟದಲ್ಲಿ ತೋರಿಸಬಹುದಾದ ಪುಟಗಳ ಸಂಗ್ರಹಕ್ಕೆ) ಸೇರಿಸದೆ ಹಾಗೇ ಬಿಟ್ಟಿತ್ತು. ಸೂಚಿಯಲ್ಲೇ ಇಲ್ಲದ ಪುಟ ಹುಡುಕಾಟದಲ್ಲಿ ಬರುವ ಮಾತೆಲ್ಲಿಯದು?

ಕೊಂಡಿಗೆ ಇಷ್ಟು ಮಹತ್ವ ಏಕೆ ಬಂತೆಂಬುದನ್ನು ಇಲ್ಲಿ ಸ್ವಲ್ಪ ಹೇಳುವುದು ಒಳ್ಳೆಯದು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಪ್ರಕಟಿಸಿದ ಪೇಜ್‌ರ‍್ಯಾಂಕ್ ವಿಧಾನದ ತಿರುಳು ಇದು: ಒಂದು ಪುಟ ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಶಿಫಾರಸು ಎಂದು ಭಾವಿಸಬೇಕು, ಆ ಶಿಫಾರಸಿನ ತೂಕ ಶಿಫಾರಸು ಮಾಡಿದವರ ತೂಕವನ್ನು ಅವಲಂಬಿಸಿರಬೇಕು. ನಮ್ಮ ಸಂತೆಯಲ್ಲಿ ಹತ್ತು ಜನ ಅಪರಿಚಿತರು ಹೊಗಳುವುದಕ್ಕಿಂತ ಊರಿನ ಹಿರಿಯ ವ್ಯಾಪಾರಿಯೊಬ್ಬರು ‘ಅವರ ಹತ್ತಿರ ತಗೊಳ್ಳಿ’ ಎಂದರೆ ಸಾಲುವುದಿಲ್ಲವೇ, ಹಾಗೆ. ಶಿಫಾರಸಿಗೆ ಬೆಲೆಯಿದೆ ಎಂದಾದಮೇಲೆ ಅದನ್ನು ಮಾರುವವರೂ ಹುಟ್ಟಿಕೊಂಡರು. 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆಯ ಮೂಲಕ ಗೂಗಲ್ ಇಂಥ ಕೃತಕ ಕೊಂಡಿಗಳಿರುವ ತಾಣಗಳನ್ನು ಕೆಳಗಿಳಿಸಿತು, 2016ರಲ್ಲಿ ಅದನ್ನು ತನ್ನ ಮುಖ್ಯ ಲೆಕ್ಕಾಚಾರದೊಳಗೇ ಸೇರಿಸಿಕೊಂಡಿತು, 2022ರ ಡಿಸೆಂಬರ್‌ನಿಂದ ‘ಸ್ಪ್ಯಾಮ್‌ಬ್ರೇನ್’ ಎಂಬ, ಮೋಸದ ಪುಟ-ಕೊಂಡಿಗಳನ್ನು ಪತ್ತೆಹಚ್ಚುವ ತನ್ನ ವ್ಯವಸ್ಥೆಯ ಸಹಾಯದಿಂದ ಕೊಂಡುತಂದ ಕೊಂಡಿಗಳ ತೂಕವನ್ನು ಸೊನ್ನೆ ಮಾಡತೊಡಗಿತು. ಶ್ರೇಯಾಂಕಕ್ಕಾಗಿ ಕೊಂಡಿ ಕೊಳ್ಳುವುದು, ಮಾರುವುದು ಎರಡೂ ಅದರ ನಿಯಮಗಳಿಗೆ ವಿರುದ್ಧ. ಜಾಹೀರಾತಿಗಾಗಿ ಹಣ ಕೊಟ್ಟ ಕೊಂಡಿಯಾದರೆ ಅದಕ್ಕೆ ‘ನೋಫಾಲೋ’ ಅಥವಾ 2019ರಲ್ಲಿ ಬಂದ ‘ಸ್ಪಾನ್ಸರ್ಡ್’ ಗುರುತು ಹಾಕಬೇಕು, ಅಂದರೆ ಇದನ್ನು ಶಿಫಾರಸೆಂದು ಎಣಿಸಬೇಡಿ ಎಂದು ಗೂಗಲ್‌ಗೆ ತಿಳಿಸಬೇಕು. ನಮ್ಮ ಸಂಸ್ಥೆ ಹಾಕಿಸಿದ ಯಾವ ಕೊಂಡಿಗೂ ಆ ಗುರುತು ಇರಲಿಲ್ಲ. ನಮ್ಮ ಪುಣ್ಯಕ್ಕೆ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ ವಿಭಾಗದಲ್ಲಿ ನಮ್ಮ ಮೇಲೆ ಶಿಸ್ತುಕ್ರಮವೇನೂ ದಾಖಲಾಗಿರಲಿಲ್ಲ. ಹೋದದ್ದು ಹಣ ಮತ್ತು ಒಂದು ವರ್ಷಕ್ಕೂ ಹೆಚ್ಚು ಕಾಲ. ಒಪ್ಪಂದ ಮುಗಿಸಿದ ಕೆಲವೇ ವಾರಗಳಲ್ಲಿ ಆ ಕೊಂಡಿಗಳಲ್ಲಿ ಎಷ್ಟೋ ತಾವಾಗಿಯೇ ಮಾಯವಾದವು. ಬಾಡಿಗೆಯ ಸಾಮಾನಿನಂತೆ ಅವು ನಮ್ಮವಾಗಿ ಎಂದೂ ಇರಲಿಲ್ಲ.

ಅಲ್ಲಿಂದ ನಾವೇ ಬರೆಯಲು ಕೂತೆವು. ಏನು ಬರೆಯಬೇಕೆಂಬುದನ್ನು ಸರ್ಚ್ ಕನ್ಸೋಲ್‌ನ ‘ಪರ್ಫಾರ್ಮೆನ್ಸ್’ ವರದಿಯೇ ಹೇಳಿತು, ಮತ್ತು ಈ ಸಾಧನದಲ್ಲಿ ನಾನು ಅತ್ಯಂತ ಮೆಚ್ಚುವುದು ಇದನ್ನೇ. ಜನ ಗೂಗಲ್‌ನಲ್ಲಿ ಯಾವ ಪದಗಳನ್ನು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬುದನ್ನು ಅದು ಅವರವರ ಮಾತಿನಲ್ಲೇ ತೋರಿಸುತ್ತದೆ. ‘ಕೊಬ್ಬರಿ ಎಣ್ಣೆ ಗಟ್ಟಿ ಆಗಲು ಕಾರಣ’ ಎಂದು ಕನ್ನಡದಲ್ಲಿ ಹುಡುಕಿದವರಿದ್ದರು, ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ ಹುಡುಕಿದವರು ಇನ್ನೂ ಹೆಚ್ಚಿದ್ದರು. ಆ ಎರಡು ಬಗೆಯ ಬರವಣಿಗೆಯನ್ನೂ ಗಮನದಲ್ಲಿಟ್ಟು ಶೀರ್ಷಿಕೆ ಇಡುವುದನ್ನು ಅಲ್ಲಿಯೇ ಕಲಿತೆವು. ಎಣ್ಣೆ ಹೆಪ್ಪುಗಟ್ಟುವ ಬಗ್ಗೆ ಒಂದು ಬರಹ, ಶೇಂಗಾ ಎಣ್ಣೆಯ ತಳದಲ್ಲಿ ಮಡ್ಡಿ ನಿಲ್ಲುವುದೇಕೆ ಮತ್ತು ಅದನ್ನು ಬಿಸಿಲಿಗಿಟ್ಟು ತಿಳಿ ಮಾಡುವುದು ಹೇಗೆಂಬುದರ ಬಗ್ಗೆ ಇನ್ನೊಂದು, ಗಾಣದ ಹಿಂಡಿಯನ್ನು ಹಸುವಿಗೆ ತಿನ್ನಿಸುವ ಬಗ್ಗೆ ಮತ್ತೊಂದು ಹೀಗೆ ಬಂದವು.

ಎಲ್ಲಕ್ಕಿಂತ ಹೆಚ್ಚು ಕೊಂಡಿಗಳನ್ನು ತಂದದ್ದು ಮಾತ್ರ ನಾವು ಎಣಿಸಿರದ ಬರಹ. ತಿಪಟೂರಿನ ಉಂಡೆ ಕೊಬ್ಬರಿಯನ್ನು ನೀವೇಕೆ ಗಾಣಕ್ಕೆ ಹಾಕುವುದಿಲ್ಲ ಎಂದು ಒಬ್ಬ ಗಿರಾಕಿ ಕೇಳಿದ್ದರು. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಮಟ್ಟೆಯ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷದವರೆಗೂ ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದಾಗುತ್ತದೆ. ಅದು ತಿನ್ನುವ ಕೊಬ್ಬರಿ, ಅದರ ಧಾರಣೆಯೇ ಬೇರೆ. ಎಣ್ಣೆಗೆ ಹೋಗುವುದು ಸಾಮಾನ್ಯವಾಗಿ ಒಡೆದು ಒಣಗಿಸಿದ ಹೋಳು ಕೊಬ್ಬರಿ. ಇಷ್ಟನ್ನೇ, ನಮ್ಮ ಅಟ್ಟದ ನಾಲ್ಕು ಫೋಟೊಗಳೊಂದಿಗೆ ಬರೆದೆವು. ಎರಡು ತಿಂಗಳ ನಂತರ ಲಿಂಕ್ಸ್ ಪಟ್ಟಿಯಲ್ಲಿ ಅಮೆರಿಕದಲ್ಲಿರುವ ಒಬ್ಬ ಕನ್ನಡತಿಯ ಅಡುಗೆ ತಾಣ ಕಾಣಿಸಿತು. ಆಮೇಲೆ ತೆಂಗು ಬೆಳೆಗಾರರೊಬ್ಬರ ಪುಟ, ಅದಾದಮೇಲೆ ಊಟದ ಇತಿಹಾಸ ಬರೆಯುವವರೊಬ್ಬರ ಪುಟ ಬಂದವು. ಒಬ್ಬರು ‘ಅಟ್ಟದ ಫೋಟೊ ಇಲ್ಲಿದೆ’ ಎಂಬ ಮಾತಿಗೆ ಕೊಂಡಿ ಕಟ್ಟಿದ್ದರೆ, ಇನ್ನೊಬ್ಬರು ನಮ್ಮ ಅಂಗಡಿಯ ಹೆಸರಿಗೇ ಕಟ್ಟಿದ್ದರು. ಯಾವ ಎರಡೂ ಒಂದೇ ಥರ ಇರಲಿಲ್ಲ. ಕೊಂಡ ಕೊಂಡಿಗೂ ತಾನಾಗಿ ಬಂದ ಕೊಂಡಿಗೂ ಇರುವ ವ್ಯತ್ಯಾಸ ಆ ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಇದೆ.

ಬಂದ ಕೊಂಡಿಯ ಬಲ ಬ್ಲಾಗ್ ಬರಹದಲ್ಲೇ ನಿಂತರೆ ವ್ಯಾಪಾರಕ್ಕೆ ಪ್ರಯೋಜನ ಕಡಿಮೆ. ಆ ಬರಹದಿಂದ ಎಣ್ಣೆಯ ಪುಟಕ್ಕೆ ನಾವೇ ಒಳಗೊಂಡಿ ಕೊಡಬೇಕು. ಇದನ್ನು ನಾವು ಮರೆತಿದ್ದೆವು. ಅದೇ ಲಿಂಕ್ಸ್ ವಿಭಾಗದ ಒಳಗೊಂಡಿಗಳ ಪಟ್ಟಿಯಲ್ಲಿ ನಮ್ಮ ‘ಗೌಪ್ಯತಾ ನೀತಿ’ ಪುಟ ಮೇಲೆಯೂ ಕೊಬ್ಬರಿ ಎಣ್ಣೆಯ ಪುಟ ಬಹಳ ಕೆಳಗೆಯೂ ಇದ್ದುದನ್ನು ನೋಡಿ, ಹಳೆಯ ಬರಹಗಳನ್ನೆಲ್ಲ ತೆರೆದು ಸಂದರ್ಭಕ್ಕೆ ಹೊಂದುವಲ್ಲಿ ಒಂದೊಂದು ಕೊಂಡಿ ಸೇರಿಸಿದೆವು. ದುಡ್ಡಿಲ್ಲದೆ ಅರ್ಧ ದಿನದಲ್ಲಿ ಮುಗಿದ ಈ ಕೆಲಸದ ನಂತರದ ತಿಂಗಳುಗಳಲ್ಲಿ ಆ ಪುಟಕ್ಕೆ ಹುಡುಕಾಟದಿಂದ ಬರುವವರು ಸ್ಪಷ್ಟವಾಗಿ ಹೆಚ್ಚಾದರು.

ಕೊರತೆಗಳೂ ಸಣ್ಣವಲ್ಲ. ಲಿಂಕ್ಸ್ ವರದಿ ಪೂರ್ಣ ಪಟ್ಟಿಯಲ್ಲ, ಒಂದು ಮಾದರಿ ಮಾತ್ರ. ನೋಫಾಲೋ ಕೊಂಡಿ ಯಾವುದು, ಲೆಕ್ಕಕ್ಕೆ ಬರುವ ಕೊಂಡಿ ಯಾವುದು ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಪರ್ಫಾರ್ಮೆನ್ಸ್ ವರದಿ 16 ತಿಂಗಳಷ್ಟು ಹಿಂದಕ್ಕೆ ಮಾತ್ರ ಹೋಗುತ್ತದೆ. ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಗಿರಾಕಿಗಳ ಪ್ರಶ್ನೆ ಬದಲಾಗುವ ನಮ್ಮಂಥ ವ್ಯಾಪಾರಕ್ಕೆ ಕನಿಷ್ಠ ಮೂರು ಡಿಸೆಂಬರ್‌ಗಳನ್ನು ಹೋಲಿಸಿ ನೋಡುವ ಅವಕಾಶ ಬೇಕಿತ್ತು. ಆದ್ದರಿಂದ ಪ್ರತಿ ತಿಂಗಳ ಮೊದಲ ದಿನ ವರದಿಯನ್ನು ಇಳಿಸಿಕೊಂಡು ಬೇರೆ ಕಡತದಲ್ಲಿ ಕೂಡಿಡುತ್ತಿದ್ದೇವೆ. ಬಹಳ ಕಡಿಮೆ ಜನ ಕೇಳಿದ ಹುಡುಕಾಟ ಪದಗಳನ್ನು ಗೋಪ್ಯತೆಯ ಕಾರಣಕ್ಕೆ ಮುಚ್ಚಿಡುವುದರಿಂದ, ಕಡಿಮೆ ಜನ ಹುಡುಕುವ ಕನ್ನಡದಂಥ ಭಾಷೆಯ ಪ್ರಶ್ನೆಗಳೇ ಹೆಚ್ಚಾಗಿ ಮರೆಯಾಗುತ್ತವೆ ಎಂಬ ಅನುಮಾನ ನನಗಿದೆ. ‘ಸರಾಸರಿ ಸ್ಥಾನ’ ಎಂಬ ಅಂಕಿಯನ್ನು ಹೊಸಬರು ತಪ್ಪಾಗಿ ಓದುವುದು ಸುಲಭ. ಒಂದು ಬರಹ ಹೊಸ ಹೊಸ ಪ್ರಶ್ನೆಗಳಿಗೆ ಮೂರನೆಯ, ನಾಲ್ಕನೆಯ ಪುಟದಲ್ಲಿ ಕಾಣಿಸತೊಡಗಿದಾಗ ಸರಾಸರಿ ಸ್ಥಾನ ಹಿಂದಕ್ಕೆ ಸರಿಯುತ್ತದೆ. ಒಳಬರುವವರು ಹೆಚ್ಚುತ್ತಿದ್ದರೂ ಆ ಅಂಕಿಯೊಂದನ್ನೇ ನೋಡಿ ಗಾಬರಿಯಾಗುವವರಿದ್ದಾರೆ. ನಾನೂ ಆಗಿದ್ದೆ.

ಇನ್ನೊಂದು ಕೊರತೆಗೆ ಈ ಸಾಧನವನ್ನು ದೂರುವಂತಿಲ್ಲ. ನಮ್ಮ ಜನ ಮೆಚ್ಚಿದ ಬರಹವನ್ನು ತಮ್ಮ ತಾಣದಲ್ಲಿ ಕೊಂಡಿಯಾಗಿ ಹಾಕುವುದಕ್ಕಿಂತ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದೇ ಹೆಚ್ಚು. ಹಿಂಡಿಯ ಬಗ್ಗೆ ಬರೆದದ್ದು ಹಾಲಿನ ಡೇರಿಯ ಗುಂಪುಗಳಲ್ಲಿ ಸುತ್ತಿ ನಮಗೇ ವಾಪಸು ಬಂತು, ಆದರೆ ಸರ್ಚ್ ಕನ್ಸೋಲ್‌ಗೆ ಅದರ ಸುಳಿವೂ ಇಲ್ಲ. ಹೀಗೆ ಕಳಿಸುವವರಿಗಾಗಿ ಒಂದು ಮಾತು ಹೇಳಬೇಕು. ಬರಹದ ವಿಳಾಸವನ್ನು ಕನ್ನಡ ಲಿಪಿಯಲ್ಲಿಯೇ ಇಟ್ಟರೆ, ಅದನ್ನು ನಕಲು ಮಾಡಿ ಅಂಟಿಸುವಾಗ ಒಂದೊಂದು ಅಕ್ಷರ ಶೇಕಡಾ ಚಿಹ್ನೆ ಸೇರಿದ ಒಂಬತ್ತು ಗುರುತುಗಳಾಗಿ ಒಡೆದು, ಅರ್ಧ ಪರದೆ ತುಂಬುವಷ್ಟು ಉದ್ದವಾಗುತ್ತದೆ. ಅದನ್ನು ನೋಡಿದ ನಮ್ಮ ದೊಡ್ಡಮ್ಮ, ‘ಇದೇನೋ ಮೋಸದ ಮೆಸೇಜು’ ಎಂದು ಒತ್ತದೆ ಬಿಟ್ಟರು. ಅಂದಿನಿಂದ ಬರಹ ಕನ್ನಡದಲ್ಲಿದ್ದರೂ ವಿಳಾಸವನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇಡುತ್ತಿದ್ದೇವೆ.

ಹೊಸದಾಗಿ ಬಳಸುವವರು ಮೊದಲ ದಿನವೇ ಮಾಡಬೇಕಾದ ಕೆಲಸವೆಂದರೆ ಖಾತೆಯ ಒಡೆತನವನ್ನು ತಮ್ಮ ಹೆಸರಿನಲ್ಲಿಟ್ಟುಕೊಳ್ಳುವುದು. ಡೊಮೇನ್ (ತಾಣದ ವಿಳಾಸ) ಕೊಂಡ ಕಡೆಯಲ್ಲಿ ಗೂಗಲ್ ಕೊಡುವ ಒಂದು ಸಾಲಿನ ಸಂಕೇತವನ್ನು ಆ ವಿಳಾಸದ ವಿವರಗಳಿರುವ ಡಿಎನ್‌ಎಸ್ ದಾಖಲೆಗೆ ಸೇರಿಸಿದರೆ ಒಡೆತನ ಖಚಿತವಾಗುತ್ತದೆ, ಗೊತ್ತಿರುವವರಿಗೆ ಹತ್ತು ನಿಮಿಷದ ಕೆಲಸ. ನಾವು ಆರಂಭದಲ್ಲಿ ಅದನ್ನು ಸಂಸ್ಥೆಯ ಕೈಗೆ ಬಿಟ್ಟಿದ್ದರಿಂದ ನಮ್ಮದೇ ಅಂಗಡಿಯ ಲೆಕ್ಕ ನೋಡಲು ಅವರ ವರದಿಯನ್ನೇ ಕಾಯಬೇಕಾಗಿತ್ತು. ಹೊರಗಿನವರಿಗೆ ಕೆಲಸ ವಹಿಸುವುದಾದರೆ ಅವರನ್ನು ಬಳಕೆದಾರರಾಗಿ ಮಾತ್ರ ಸೇರಿಸಿ, ಕೊಂಡಿಗಳು ಎಲ್ಲಿಂದ ಬರುತ್ತವೆಂದು ಮೊದಲೇ ಕೇಳಿ. ‘ತಿಂಗಳಿಗೆ ಇಷ್ಟು’ ಎಂದು ಎಣಿಸಿ ಕೊಡುವವರಿಗೆ ಒಪ್ಪಬೇಡಿ. ಕೆಟ್ಟ ಕೊಂಡಿಗಳನ್ನು ನಿರಾಕರಿಸುವ ‘ಡಿಸವೊ’ ಸೌಲಭ್ಯ 2012ರಿಂದ ಇದೆಯಾದರೂ, ಶಿಸ್ತುಕ್ರಮ ಬಂದಿದ್ದರೆ ಅಥವಾ ಬರುವ ಸಾಧ್ಯತೆ ಬಲವಾಗಿದ್ದರೆ ಹೊರತು ಅದರ ತಂಟೆಗೆ ಹೋಗಬಾರದೆಂದು ಗೂಗಲೇ ಹೇಳುತ್ತದೆ. ನಾವೂ ಹೋಗಲಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ 16 ತಿಂಗಳ ಗಡಿಗೆ ಮತ್ತು ಕೊಂಡಿಗಳ ಅರೆಬರೆ ಪಟ್ಟಿಗೆ. ಈ ವಾರ ವರದಿ ತೆರೆದಾಗ ‘ಹುಚ್ಚೆಳ್ಳೆಣ್ಣೆ ಕಹಿ ಏಕೆ’ ಎಂಬ ಪ್ರಶ್ನೆಗೆ ನಮ್ಮ ತಾಣ ಹಲವು ಸಲ ಕಾಣಿಸಿಕೊಂಡಿದೆ, ಆದರೆ ಒಬ್ಬರೂ ಒಳಗೆ ಬಂದಿಲ್ಲ, ಏಕೆಂದರೆ ಅದಕ್ಕೆ ನಮ್ಮಲ್ಲಿ ಉತ್ತರವೇ ಇಲ್ಲ. ಹೊಸ ಹುಚ್ಚೆಳ್ಳು ತರಿಸಲು ಹೇಳಿದ್ದೇನೆ. ಹಳೆಯ ಕಾಳನ್ನೂ ಹೊಸ ಕಾಳನ್ನೂ ಬೇರೆ ಬೇರೆಯಾಗಿ ಗಾಣಕ್ಕೆ ಹಾಕಿಸಿ, ರುಚಿ ನೋಡಿ, ಆಮೇಲೆ ಬರೆಯುತ್ತೇನೆ.