ಸಮುದ್ರದ ದಡಕ್ಕೆ ಮೆಟಲ್ ಡಿಟೆಕ್ಟರ್ ತಗೊಂಡು ಹೋಗುವ ಮುಂಚೆ ಇದನ್ನು ಓದಿ
ಅಲೆ ಬಂದು ಹೋಗುವ ಜಾಗದಲ್ಲಿ ಕೂತಿದ್ದಾಗ ಅಕ್ಕನ ಬೆರಳಿನಿಂದ ಉಂಗುರ ಜಾರಿತು. ತೆಳುವಾದ ಚಿನ್ನದ ಉಂಗುರ. ನನ್ನ ಹತ್ತಿರ ಮೆಟಲ್ ಡಿಟೆಕ್ಟರ್ ಇತ್ತು, ಗದ್ದೆ ಬಯಲುಗಳಲ್ಲಿ ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿದ್ದು. ಹಾಗಾಗಿ "ಅಳಬೇಡ ಅಕ್ಕ, ನಾಳೆ ಬೆಳಿಗ್ಗೆ ಹುಡುಕಿ ಕೊಡ್ತೀನಿ" ಅಂದೆ. ಉಂಗುರ ಸಿಗಲಿಲ್ಲ, ಮೆಷಿನ್ನೂ ಹಾಳಾಯಿತು.

ಒಣ ಮರಳಿನಲ್ಲಿ ಎಲ್ಲ ಸರಿಯಿತ್ತು. ಒಂದು ನಾಣ್ಯ, ಎರಡು ಬಾಟಲಿ ಮುಚ್ಚಳ ಸಿಕ್ಕವು. ಒದ್ದೆ ಮರಳಿಗೆ ಕಾಲಿಟ್ಟಿದ್ದೇ ತಡ, ಎಲ್ಲಿ ಬೀಸಿದರೂ ಕೀಂ ಕೀಂ ಸದ್ದು. ಅಗೆದರೆ ಏನೂ ಇಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಂಥ ನೀರಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ಹಾಗಾಗಿ ನನ್ನದರಂಥ, ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಕಳಿಸುವ ಸಿಂಗಲ್ ಫ್ರೀಕ್ವೆನ್ಸಿ ಮೆಷಿನ್‌ಗೆ ಕಾಲ ಕೆಳಗಿನ ಒದ್ದೆ ಮರಳೆಲ್ಲ ಲೋಹದ ಹಾಗೇ ಕಾಣುತ್ತದೆ. ಅವತ್ತು ನನಗೆ ಇದು ಗೊತ್ತಿರಲಿಲ್ಲ.

ಸದ್ದು ನಿಲ್ಲಲಿ ಅಂತ ಡಿಸ್ಕ್ರಿಮಿನೇಷನ್, ಅಂದರೆ ಬೇಡದ ಸಿಗ್ನಲ್‌ಗಳಿಗೆ ಸದ್ದು ಮಾಡದಂತೆ ತಡೆಯುವ ಸೆಟ್ಟಿಂಗ್, ಏರಿಸಿದೆ. ಮೆಷಿನ್ ಶಾಂತವಾಯಿತು. ನನಗೂ ಸಮಾಧಾನವಾಯಿತು. ನಾನು ಮಾಡಿದ ದೊಡ್ಡ ತಪ್ಪು ಇದೇ, ದಯವಿಟ್ಟು ಗಮನವಿಟ್ಟು ಓದಿ: ಉಪ್ಪಿನ ಸಿಗ್ನಲ್ ಬರುವ ಜಾಗವೂ ತೆಳುವಾದ ಚಿನ್ನದ ಸಿಗ್ನಲ್ ಬರುವ ಜಾಗವೂ ಹೆಚ್ಚುಕಡಿಮೆ ಒಂದೇ, ಎರಡೂ ಮೆಷಿನ್ ತೋರಿಸುವ ಚಿಕ್ಕ ನಂಬರ್‌ಗಳಲ್ಲೇ ಬರುತ್ತವೆ. ಉಪ್ಪಿನ ಬಾಯಿ ಮುಚ್ಚಿಸಿದರೆ ಉಂಗುರದ ಬಾಯಿಯನ್ನೂ ಮುಚ್ಚಿಸಿದ ಹಾಗೆ. ಮೂರು ಗಂಟೆ ಅಲ್ಲೇ ಸುತ್ತಿದೆ. ಬಹುಶಃ ಉಂಗುರದ ಮೇಲೇ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ) ಆಡಿಸಿದ್ದೆನೇನೋ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಂದು ಗುಂಡಿ ಅಗೆಯಲು ಮೆಷಿನ್ ಪಕ್ಕದಲ್ಲಿಟ್ಟು, ಸಮುದ್ರಕ್ಕೆ ಬೆನ್ನು ಹಾಕಿ ಕೂತೆ. ಒಂದು ಅಲೆ ಬಂತು, ಕಂಟ್ರೋಲ್ ಬಾಕ್ಸ್ ನೆನೆಯಿತು. ಮೆಷಿನ್ ಬಂದ ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತ ಇತ್ತಲ್ವಾ ಅಂತ ಸುಮ್ನೆ ಒರೆಸಿ ಇಟ್ಟೆ. ಅದು ಕಾಯಿಲ್‌ಗೆ ಮಾತ್ರ ಅಂತ ಮ್ಯಾನ್ಯುಯಲ್‌ನಲ್ಲಿ ಸಣ್ಣಕ್ಷರದಲ್ಲಿತ್ತು. ನಾಲ್ಕು ದಿನದಲ್ಲಿ ಬ್ಯಾಟರಿ ಕೂರುವ ಜಾಗ ಹಸಿರುಗಟ್ಟಿತು, ಮೆಷಿನ್ ಮತ್ತೆ ಆನ್ ಆಗಲೇ ಇಲ್ಲ. ಉಪ್ಪುನೀರು ಒಳಗೆ ಹೋಗಿದೆ ಅಂತ ವಾರಂಟಿ ಕೊಡಲಿಲ್ಲ. ಇನ್ನೊಂದು ವಿಷಯ, ಧೂಳು, ನೀರು ಒಳಗೆ ಹೋಗಲ್ಲ ಅಂತ ಐಪಿ68 ಥರದ ರೇಟಿಂಗ್ ಕೊಡುವ ಪರೀಕ್ಷೆ ಸಿಹಿನೀರಿನಲ್ಲಿ ನಡೆಯುವುದು. ಅದನ್ನು ನೋಡಿ ಸಮುದ್ರಕ್ಕೆ ಇಳಿಸಬೇಡಿ.

ಒದ್ದೆ ಮರಳಿನಲ್ಲಿ ಹುಡುಕಲೇಬೇಕಾದರೆ ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವ ಮಲ್ಟಿ ಫ್ರೀಕ್ವೆನ್ಸಿ ಮೆಷಿನ್ ಬೇಕು. ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಥರದ ಮೆಷಿನ್ ಕೂಡ ಉಪ್ಪನ್ನು ಸಹಿಸುತ್ತದೆ, ಆದರೆ ಕಬ್ಬಿಣ ಯಾವುದು ಚಿನ್ನ ಯಾವುದು ಅಂತ ಸರಿಯಾಗಿ ಹೇಳಲ್ಲ, ಮೊಳೆ, ಹೇರ್‌ಪಿನ್ ಎಲ್ಲ ಅಗೆಯಬೇಕಾಗುತ್ತದೆ. ಸಿಂಗಲ್ ಫ್ರೀಕ್ವೆನ್ಸಿ ಮಾತ್ರ ಇದ್ದರೆ ಒಣ ಮರಳಲ್ಲೇ ಇರಿ. ಬೇರೆ ದಾರಿಯೇ ಇಲ್ಲ ಅಂದರೆ ಗ್ರೌಂಡ್ ಬ್ಯಾಲೆನ್ಸನ್ನು (ನೆಲದ ಸಿಗ್ನಲ್‌ಗೆ ಮೆಷಿನ್ ಹೊಂದಿಸುವುದು) ಒದ್ದೆ ಮರಳಿನ ಮೇಲೇ ಮಾಡಿ, ಸೆನ್ಸಿಟಿವಿಟಿ ಇಳಿಸಿ, ನಿಧಾನಕ್ಕೆ ಬೀಸಿ, ಕಾಯಿಲ್ ಮೇಲೆ ಕೆಳಗೆ ಆಗದಂತೆ ನೋಡಿಕೊಳ್ಳಿ. ನೀರಿನ ಅಂಚಿಗೆ ಸಮಾನಾಂತರವಾಗಿ ನಡೆಯಿರಿ, ಆಗ ಮರಳಿನ ತೇವ ಜಾಸ್ತಿ ಬದಲಾಗಲ್ಲ, ಸುಳ್ಳು ಸದ್ದೂ ಕಡಿಮೆ. ವಾಪಸ್ ಬಂದಮೇಲೆ ಕಾಯಿಲ್ ಮತ್ತು ರಾಡನ್ನು ಸಿಹಿನೀರಿನಲ್ಲಿ ತೊಳೆಯಿರಿ. ಕಾಯಿಲ್ ಕವರ್ ಬಿಚ್ಚಿ ಒಳಗಿನ ಮರಳನ್ನೂ ತೆಗೆಯಿರಿ, ಅಲ್ಲಿ ಉಳಿದ ಉಪ್ಪುಮರಳಿನಿಂದಲೂ ಮೆಷಿನ್ ಸುಳ್ಳು ಸದ್ದು ಮಾಡುತ್ತದೆ.

ಉಂಗುರ ಬಿದ್ದರೆ ಮೊದಲು ನಿಂತ ಜಾಗದಿಂದಲೇ ಫೋಟೋ ತೆಗೆಯಿರಿ, ಮರ, ಬಂಡೆ, ಕಟ್ಟಡ ಏನಾದರೂ ಗುರುತು ಕಾಣಬೇಕು. ಆಮೇಲೆ ಸರಿಯಾದ ಮೆಷಿನ್ ಇರುವವರನ್ನು ಮುಂದಿನ ಸಲ ಸಮುದ್ರದ ನೀರು ಇಳಿಯುವಾಗಲೇ ಕರೆಸಿ. ನಾನು ಅಂಥವರೊಬ್ಬರನ್ನು ಕರೆದುಕೊಂಡು ಹೋದದ್ದು ಹತ್ತು ದಿನ ಕಳೆದ ಮೇಲೆ. ಅಷ್ಟರಲ್ಲಿ ಅಲೆಗಳು ದಡದ ಆಕಾರವನ್ನೇ ಬದಲಿಸಿದ್ದವು, ಅಕ್ಕ ಎಲ್ಲಿ ಕೂತಿದ್ದಳು ಅಂತ ತೋರಿಸಲು ಅವಳಿಗೇ ಆಗಲಿಲ್ಲ.