ಹಳೇ ಬೆಂಜ್ ಇ220: ಎಂಜಿನ್ ಪಾರ್ಟ್ ಸಿಗುತ್ತೆ, ಪ್ಲಾಸ್ಟಿಕ್ ಸಿಗಲ್ಲ

ಹಳೇ ಬೆಂಜ್ ತಗೊಂಡ್ರೆ ಪಾರ್ಟ್ಸ್ ಸಿಗುತ್ತಾ ಅಂತ ತುಂಬಾ ಜನ ಕೇಳ್ತಾರೆ. ಸಿಗುತ್ತೆ, ಆದ್ರೆ ನೀವು ಅಂದ್ಕೊಂಡಿರೋ ಪಾರ್ಟ್ ಅಲ್ಲ. ಎಲ್ರೂ ಎಂಜಿನ್ನು ಗೇರ್‌ಬಾಕ್ಸು ಅಂತ ಹೆದರ್ತಾರೆ, ಆದ್ರೆ ನಿದ್ದೆ ಕೆಡಿಸೋದು ಡೋರ್ ಪಕ್ಕದ ಪ್ಲಾಸ್ಟಿಕ್ಕು, ಹೆಡ್‌ಲೈಟು, ಎಸಿ ವೆಂಟು. ಅದಕ್ಕೇ ಹೇಳ್ತೀನಿ, ಎಂಜಿನ್ ಸ್ವಲ್ಪ ಸುಸ್ತಾಗಿದ್ರೂ ಪರವಾಗಿಲ್ಲ, ಒಳಗೆ ಹೊರಗೆ ಎಲ್ಲಾ ಪೀಸ್ ಕಂಪ್ಲೀಟ್ ಇರೋ ಗಾಡಿ ತಗೊಳ್ಳಿ, ಪೇಂಟ್ ಹೊಡೆಸಿ ಮಿಣಮಿಣ ಅಂತಿರೋದನ್ನ ನೋಡಿ ಮರುಳಾಗ್ಬೇಡಿ.

ನನ್ ಹತ್ರ ಇರೋದು ಡಬ್ಲ್ಯೂ124 (ಈ ಬಾಡಿಗೆ ಬೆಂಜ್‌ನವರು ಇಟ್ಟ ಕೋಡ್), ಇ220 ಪೆಟ್ರೋಲು. ಪುಣೆಲಿ 1995ರಿಂದ ಜೋಡಿಸಿ ಮಾರಿದ್ರಲ್ಲ, ಇಲ್ಲಿ ತಯಾರಾದ ಮೊದಲ್ನೇ ಬೆಂಜ್ ಕಾರು, ಅದೇ. 2.2 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್, 150 ಹಾರ್ಸ್‌ಪವರ್, ಬೆಲ್ಟ್ ಅಲ್ಲ ಟೈಮಿಂಗ್ ಚೈನು. ಜರ್ಮನೀಲಿ ಈ ಮಾಡೆಲ್ 1984ರ ಕೊನೇಲಿ ಬಂದಿದ್ದು, ಎಲ್ಲಾ ಬಾಡಿ ಸೇರಿ 25 ಲಕ್ಷಕ್ಕೂ ಜಾಸ್ತಿ ಮಾಡಿದಾರೆ, ಅಲ್ಲಿ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿ, ಸವೆಯೋ ಪಾರ್ಟ್‌ಗಳು ಇವತ್ತಿಗೂ ತಯಾರಾಗ್ತಿರೋದು ಅದಕ್ಕೇ. ಓಡ್ಸೋದ್ರ ಬಗ್ಗೆ ಜಾಸ್ತಿ ಹೇಳಲ್ಲ, ಹಳ್ಳ ಬಿದ್ದ ರೋಡಲ್ಲಿ ಇದ್ರಲ್ಲಿ ಕೂತವರಿಗೆ ಅದರ ಸುಖ ಹೇಳೋದೇ ಬೇಡ. ಮಳೇಲಿ ಆ ಒಂಟಿ ವೈಪರ್ ಎರಡೂ ಮೂಲೆಗೆ ಕೈ ಚಾಚಿ ಗಾಜಿನ 86% ಒರೆಸೋದನ್ನ ನೋಡೋಕೇ ಮಜಾ.

ಈಗ ಪಾರ್ಟ್ಸ್. ಬೆಂಗಳೂರಲ್ಲಿದ್ರೆ ಮೊದ್ಲು ಹೋಗೋದು ಜೆಸಿ ರೋಡು. ಅಲ್ಲಿ ಜರ್ಮನ್ ಗಾಡಿ ಪಾರ್ಟ್ ಇಡೋ ಅಂಗಡಿಗೆ ಹೋಗಿ "ಅಣ್ಣ, ಬೆಂಜ್‌ದು ಮುಂದಿನ ಲೋಯರ್ ಆರ್ಮ್ ಬಾಲ್ ಜಾಯಿಂಟ್ ಇದ್ಯಾ" ಅಂತ ಕೇಳಿದ್ರೆ ಕೌಂಟರಲ್ಲಿರೋರು ತಲೆ ಎತ್ತೋದೂ ಇಲ್ಲ, "ನಂಬರ್ ಹೇಳಿ ಸಾರ್" ಅಂತಾರೆ. ಅವರ ತಪ್ಪಲ್ಲ, ಬೆಂಜಲ್ಲಿ ನಂಬರ್ ಇಲ್ದೆ ಏನೂ ಆಗಲ್ಲ. ಎ ಅಕ್ಷರ ಆದ್ಮೇಲೆ ಬರೋ ಮೊದಲ ಮೂರು ಅಂಕಿ ನೋಡಿ, 124 ಅಂತಿದ್ರೆ ಈ ಬಾಡಿಗೇ ಮಾಡಿದ್ದು, 201 ಅಂತಿದ್ರೆ ಚಿಕ್ಕ 190 ಮಾಡೆಲ್‌ಗೆ ಮಾಡಿ ಆಮೇಲೆ ಇದಕ್ಕೂ ಹಾಕಿದ್ದು, ಹಿಂದಿನ ಸಸ್ಪೆನ್ಷನ್‌ದು ಎಷ್ಟೋ ಪಾರ್ಟ್ ಹೀಗೇ, 111 ಅಂದ್ರೆ ಎಂಜಿನ್‌ದು. ಇಷ್ಟು ಗೊತ್ತಿದ್ರೆ ಅಂಗಡಿಯವರು "124ಕ್ಕೆ ಸ್ಟಾಕ್ ಇಲ್ಲ" ಅಂದಾಗ "190ದು ಕೊಡಿ" ಅನ್ನಬಹುದು. ಎಂಜಿನ್ ಪಾರ್ಟ್ ಇನ್ನೂ ಸುಲಭ, ಆಮೇಲೆ ಬಂದ 202 ಸಿ ಕ್ಲಾಸಲ್ಲೂ 210 ಇ ಕ್ಲಾಸಲ್ಲೂ ಇದೇ ಕುಟುಂಬದ ಎಂಜಿನ್ ಇತ್ತು, ವಾಟರ್ ಪಂಪು ಸೆನ್ಸರು ಗ್ಯಾಸ್ಕೆಟ್ಟು ಅಂತ ಅಲೆಯೋ ಪರಿಸ್ಥಿತಿ ಇಲ್ಲ.

ಬ್ರ್ಯಾಂಡ್ ವಿಚಾರಕ್ಕೆ ಬಂದ್ರೆ ಸಸ್ಪೆನ್ಷನ್ ಪಾರ್ಟ್‌ಗೆ ನಾನು ಕಣ್ಣು ಮುಚ್ಕೊಂಡು ತಗೊಳ್ಳೋದು ಲೆಮ್‌ಫೋರ್ಡರ್. ಬೆಂಜ್ ಕಂಪನಿಗೆ ಸಪ್ಲೈ ಮಾಡ್ತಿದ್ದೋರೇ ಅವರು, ಡಬ್ಬ ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಲೋಹದ ಮೇಲೆ ಬೆಂಜ್ ನಕ್ಷತ್ರ ಇದ್ದ ಜಾಗನ ಗ್ರೈಂಡ್ ಮಾಡಿ ಅಳಿಸಿರೋ ಗುರುತು ಸಿಗುತ್ತೆ, ಬೆರಳಿಟ್ರೆ ಒರಟಾಗಿ ತಾಗುತ್ತೆ. ಅಂದ್ರೆ ಅದೇ ಪೀಸು, ಡಬ್ಬ ಬೇರೆ, ರೇಟು ಎಷ್ಟೋ ಕಮ್ಮಿ. ಶಾಕ್ ಅಬ್ಸಾರ್ಬರ್‌ಗೆ ಸಾಕ್ಸ್ ಅಥವಾ ಬಿಲ್‌ಸ್ಟೈನ್, ಫಿಲ್ಟರ್‌ಗೆ ಮಾನ್, ಗ್ಯಾಸ್ಕೆಟ್‌ಗೆ ಎಲ್ರಿಂಗ್ ಇಲ್ಲ ವಿಕ್ಟರ್ ರೈನ್ಜ್. ಇಲ್ಲೊಂದು ವಿಷ್ಯ, ಫೇಬಿ ಬಿಲ್‌ಸ್ಟೈನ್ ಬೇರೆ, ಶಾಕ್ ಮಾಡೋ ಬಿಲ್‌ಸ್ಟೈನ್ ಬೇರೆ, ಎರಡೂ ಜರ್ಮನಿಯ ಒಂದೇ ಊರಿನ ಕಂಪನಿಗಳು ಆದ್ರೆ ಸಂಬಂಧ ಇಲ್ಲ, ಅಂಗಡೀಲಿ ಒಂದನ್ನ ಕೇಳಿದ್ರೆ ಇನ್ನೊಂದನ್ನ ಕೊಡ್ತಾರೆ, ಹೆಸರು ನೋಡಿ ಖುಷಿಯಾಗ್ಬೇಡಿ.

ಕಮ್ಮಿ ದುಡ್ಡಲ್ಲಿ ಗಾಡಿ ಹೊಸದಾದಂಗೆ ಅನ್ನಿಸ್ಬೇಕು ಅಂದ್ರೆ ಸ್ಟೀರಿಂಗ್ ಲಿಂಕ್‌ಗಳ ಜೊತೆ ಇರೋ ಐಡ್ಲರ್ ಆರ್ಮ್ ಬುಷ್ ಮೊದ್ಲು ಚೇಂಜ್ ಮಾಡ್ಸಿ. ಸ್ಟೀರಿಂಗ್ ನಡುವೆ ಪ್ಲೇ (ಸಡಿಲ) ಇದೆ ಅಂದ ತಕ್ಷಣ ಮೆಕ್ಯಾನಿಕ್‌ಗಳು ಸ್ಟೀರಿಂಗ್ ಬಾಕ್ಸ್ ಹೋಗಿದೆ ಅಂತಾರೆ, ಬಾಕ್ಸ್‌ಗೆ ಕೈ ಹಾಕೋ ಮುಂಚೆ ಆ ಚಿಕ್ಕ ರಬ್ಬರ್ ಬುಷ್ ನೋಡ್ಸಿ. ಆಮೇಲೆ ಎಂಜಿನ್ ಮೌಂಟಿಂಗು, ಪ್ರೊಪೆಲ್ಲರ್ ಶಾಫ್ಟ್‌ನ ರಬ್ಬರ್ ಜಾಯಿಂಟ್ ಡಿಸ್ಕು. ಇವು ಮಾತ್ರ ಡೂಪ್ಲಿಕೇಟ್ ಹಾಕ್ಲೇಬೇಡಿ, ಲೋಕಲ್ ಮೌಂಟಿಂಗ್ ಗಟ್ಟಿ ರಬ್ಬರು, ಸಿಗ್ನಲ್‌ನಲ್ಲಿ ನಿಂತಾಗ ಇಡೀ ಡ್ಯಾಶ್‌ಬೋರ್ಡ್ ಗಡಗಡ ಅನ್ನುತ್ತೆ.

ಗಾಡಿ ನೋಡೋಕೆ ಹೋದಾಗ ಒಂದನ್ನ ಬಿಡದೆ ಚೆಕ್ ಮಾಡಿ, ಎಂಜಿನ್ ವೈರಿಂಗು. 1990ರ ದಶಕದ ಮೊದಲರ್ಧದಲ್ಲಿ ಪರಿಸರಕ್ಕೆ ಒಳ್ಳೇದು ಅಂತ ಬೇಗ ಮಣ್ಣಾಗೋ ಥರದ ಇನ್ಸುಲೇಷನ್ ಹಾಕಿದ್ರು, ಅದು ಎಂಜಿನ್ ಬಿಸಿಗೆ ಒಣಗಿ ಒಣಗಿ ಉದುರುತ್ತೆ, ಈ ಕಾಲದ ಗಾಡಿಗಳಿಗೆ ಪ್ರಪಂಚದಲ್ಲೆಲ್ಲಾ ಇರೋ ಕಾಯಿಲೆ ಇದು. ಕನೆಕ್ಟರ್ ಹತ್ರ ಮೇಲಿನ ಕಪ್ಪು ತೋಳು ಸ್ವಲ್ಪ ಸರಿಸಿ ಒಂದು ವೈರನ್ನ ಮೆತ್ತಗೆ ಬಗ್ಗಿಸಿ, ಬಣ್ಣದ ಇನ್ಸುಲೇಷನ್ ಪುಡಿಪುಡಿಯಾಗಿ ಕೈಗೆ ಬಂದು ಒಳಗಿನ ತಾಮ್ರ ಕಂಡ್ರೆ ಹಾರ್ನೆಸ್ (ವೈರ್‌ಗಳ ಇಡೀ ಕಟ್ಟು) ಇನ್ನೂ ಹಳೇದೇ ಅಂತ ಅರ್ಥ, ಎಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ಆಕ್ಚುಯೇಟರ್ ಒಳಗಿನ ವೈರೂ ಅದೇ ಜಾತಿ. ಕಂಪನಿ ಹಾರ್ನೆಸ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ, ಆದ್ರೆ ಒಳ್ಳೆ ಎಲೆಕ್ಟ್ರಿಷಿಯನ್ ಸಿಕ್ಕಿದ್ರೆ ಹಳೇದನ್ನೇ ಬೆಂಚ್ ಮೇಲೆ ಹರಡ್ಕೊಂಡು ಒಂದೊಂದೇ ವೈರ್ ಅಳತೆ ಮಾಡಿ ಹಳೇ ಕನೆಕ್ಟರ್ ಉಳಿಸ್ಕೊಂಡು ಹೊಸದು ಕಟ್ಟಿ ಕೊಡ್ತಾರೆ, ನಂದು ಹಂಗೇ ಮಾಡ್ಸಿರೋದು, ಕಾಟ ಇಲ್ಲ. ಎಸಿ ತಣ್ಣಗಾಗ್ತಿಲ್ಲ, ಗ್ಯಾಸ್ ಹಾಕಿಸಿದ್ರೆ ಸರಿ ಹೋಗುತ್ತೆ ಅಂತ ಮಾರೋರು ಹೇಳಿದ್ರೆ ನಂಬ್ಬೇಡಿ, ಒಳಗಿನ ಕೂಲಿಂಗ್ ಕಾಯಿಲ್, ಅಂದ್ರೆ ಇವಾಪರೇಟರ್, ಲೀಕ್ ಇದ್ರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಬೇಕು, ಪಾರ್ಟ್‌ಗಿಂತ ಲೇಬರ್ ಜಾಸ್ತಿ, ಬಿಚ್ಚುವಾಗ ಒಣಗಿದ ಕ್ಲಿಪ್ ಮುರಿದ್ರೆ ಮತ್ತೆ ಪ್ಲಾಸ್ಟಿಕ್ ಹುಡುಕಾಟ.

ಆ ಪ್ಲಾಸ್ಟಿಕ್ ಕಥೆ ಹೇಳ್ತೀನಿ. ಡೋರ್ ಕೆಳಗಡೆ ಅಗಲವಾದ ಕ್ಲ್ಯಾಡಿಂಗ್ ಇರುತ್ತಲ್ಲ, ಆಗ ಬೆಂಜ್ ಡಿಸೈನ್ ಮುಖ್ಯಸ್ಥರಾಗಿದ್ದ ಬ್ರೂನೊ ಸಾಕೋ ಹೆಸರಲ್ಲಿ ಸಾಕೋ ಪ್ಯಾನೆಲ್ ಅಂತಾರೆ, ಅದನ್ನ ಯಾವ ಲೋಕಲ್ ಕಂಪನೀನೂ ಮಾಡಲ್ಲ. ಹೊಸದು ಬೇಕಂದ್ರೆ ಕಂಪನಿ ಡೀಲರ್ ಮೂಲಕ ಚಾಸಿ ನಂಬರ್ ಕೊಟ್ಟು ಫುಲ್ ಅಡ್ವಾನ್ಸ್ ಕಟ್ಟಿ ಕಾಯ್ಬೇಕು, ಜರ್ಮನೀಲಿ ಹಳೇ ಗಾಡಿಗಳಿಗಂತಲೇ ಅವರ ಕ್ಲಾಸಿಕ್ ವಿಭಾಗ ಇದೆ, ಅಲ್ಲೂ ಖಾಲಿ ಅಂದ್ರೆ ಗುಜರಿನೇ ಗತಿ. ಶಿವಾಜಿನಗರದಲ್ಲಿ ಅದೃಷ್ಟ ಇದ್ರೆ ಸಿಗುತ್ತೆ, ಚೆನ್ನೈನ ಪುದುಪೇಟೆ ಇದೆ, ಎಲ್ಲಕ್ಕಿಂತ ದೊಡ್ಡದು ದಿಲ್ಲಿಯ ಮಾಯಾಪುರಿ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸ್ಬಾರ್ದು ಅಂತ ಅಲ್ಲಿ ರೂಲ್ ಬಂದ್ಮೇಲೆ ಚೆನ್ನಾಗಿದ್ದ ಗಾಡಿಗಳೇ ಗುಜರಿ ಸೇರಿದ್ವು, ಪಾಪ ಅನ್ನಿಸುತ್ತೆ, ಆದ್ರೆ ನಮ್ಮ ಗಾಡಿಗಳಿಗೆ ಜೀವ ಬರ್ತಿರೋದೂ ಅಲ್ಲಿಂದ್ಲೇ. ಫೋಟೋ ನೋಡಿ ದುಡ್ಡು ಹಾಕೋ ಮುಂಚೆ ವಿಡಿಯೋ ಕಾಲ್ ಮಾಡಿ ಹಿಂದುಗಡೆ ಕ್ಲಿಪ್ ಹಾಕೋ ಕಿವಿಗಳು ಮುರಿದಿಲ್ಲ ಅಂತ ತೋರಿಸೋಕೆ ಹೇಳಿ. ಒಬ್ಬ ಆನ್‌ಲೈನ್ ಸೆಲ್ಲರ್ ನನಗೆ 1993ರಲ್ಲಿ ಮುಖ ಬದಲಾದ ಫೇಸ್‌ಲಿಫ್ಟ್ ಮಾಡೆಲ್ ಹೆಡ್‌ಲೈಟ್ ಅಂತ ಅದಕ್ಕೂ ಹಿಂದಿನದು ಕಳಿಸಿ, ರಿಟರ್ನ್ ಇಲ್ಲ ಸಾರ್ ಅಂತ ಕೈ ತೊಳ್ಕೊಂಡ.

ವಿದೇಶದಿಂದ ನೇರವಾಗಿ ತರಿಸೋದು ಚಿಕ್ಕ ಪಾರ್ಟ್‌ಗೆ ಮೂಗಿಗಿಂತ ಮೂಗುತಿ ಭಾರ, ಶಿಪ್ಪಿಂಗು, ಕಸ್ಟಮ್ಸು, ಮೇಲೆ ಕೊರಿಯರ್‌ನವರ ಕೆವೈಸಿ ರಗಳೆ. ನಾಲ್ಕೈದು ಜನ ಸೇರಿ ಒಟ್ಟಿಗೆ ಆರ್ಡರ್ ಹಾಕಿ, ಇಲ್ಲಾಂದ್ರೆ ಜರ್ಮನೀಲೋ ದುಬೈಯಲ್ಲೋ ಇರೋ ನೆಂಟರು ಊರಿಗೆ ಬರೋವರೆಗೂ ಕಾಯಿರಿ, ಬುಷ್ಷು ಸೆನ್ಸರು ಸೂಟ್‌ಕೇಸಲ್ಲಿ ಆರಾಮಾಗಿ ಬರುತ್ತೆ. ಇದ್ರಲ್ಲಿ ಪುಣ್ಯವಂತರು ಅಂದ್ರೆ ಇನ್ನೂ ಹಳೇ 240ಡಿ ಡೀಸೆಲ್ ಇಟ್ಕೊಂಡಿರೋರು, ಆ ಒಎಂ616 ಎಂಜಿನ್ನನ್ನೇ ಬಜಾಜ್ ಟೆಂಪೋದವರು ಲೈಸೆನ್ಸ್ ತಗೊಂಡು ಟ್ರ್ಯಾಕ್ಸ್‌ಗೆ ಹಾಕಿದ್ರು, ಹಾಗಾಗಿ ಹಳ್ಳಿ ರೂಟಲ್ಲಿ ಓಡೋ ಟ್ರ್ಯಾಕ್ಸ್ ರಿಪೇರಿ ಮಾಡೋರಿಗೆ ಆ ಬೆಂಜ್ ಎಂಜಿನ್ ಹೊಸದೇನಲ್ಲ.

ಖರ್ಚಿನ ಲೆಕ್ಕಕ್ಕೆ ಇನ್ನೆರಡು ಸೇರಿಸ್ಕೊಳ್ಳಿ. ಆರ್‌ಸಿ ರಿನೀವಲ್ ಫೀಸು 2022ರಲ್ಲಿ 600ರಿಂದ 5,000 ಆಯ್ತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದಾರೆ. ಬಂಕಲ್ಲಿ ಈಗ ಹೆಚ್ಚಾಗಿ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲೇ ಸಿಗೋದು, ಹಾಗಾಗಿ ಹಳೇ ಫ್ಯೂಯಲ್ ಹೋಸ್‌ಗಳನ್ನ ಕಿತ್ತು ಎಥನಾಲ್ ತಡ್ಕೊಳ್ಳೋ ಹೋಸ್ ಹಾಕ್ಸಿ, ಅದು ದೊಡ್ಡ ಖರ್ಚಲ್ಲ, ಬೆಂಕಿ ಹತ್ಕೊಂಡ್ರೆ ದೊಡ್ಡ ಖರ್ಚು. ಹೊಸ ಚಿಕ್ಕ ಕಾರಿನ ದುಡ್ಡಿಗಿಂತ ಕಮ್ಮಿಗೆ ಗಾಡಿ ಬರುತ್ತೆ, ಉಳಿದ ದುಡ್ಡನ್ನ ಪಾರ್ಟ್ಸ್‌ಗೆ ಅಂತ ಎತ್ತಿಡೋ ತಾಳ್ಮೆ ಇರೋರಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ದಿನಾ ಆಫೀಸಿಗೆ ಒಂದೇ ಕಾರು ಅನ್ನೋರು ಈ ಕಡೆ ತಲೆ ಹಾಕ್ಬೇಡಿ.

ಅಂದಂಗೆ ನನಗೆ ಬಲಗಡೆ ಹಿಂದಿನ ಡೋರ್ ಕ್ಲ್ಯಾಡಿಂಗ್ ಇನ್ನೂ ಸಿಕ್ಕಿಲ್ಲ. ಹುಬ್ಬಳ್ಳಿ, ಮಂಗಳೂರು ಕಡೆ ಯಾವ್ದಾದ್ರೂ ಗುಜರೀಲಿ 124 ಕಂಡ್ರೆ ದಯವಿಟ್ಟು ಹೇಳಿ, ಬಣ್ಣ ಯಾವ್ದಾದ್ರೂ ಸರಿ, ಕಿವಿ ಮಾತ್ರ ಮುರಿದಿರಬಾರ್ದು.